ಕೀಟಾಹಾರಿ ಗಿಡಗಳ ಕುಂಡದಲ್ಲಿ ಲಿವರ್‌ವರ್ಟ್: ನನ್ನ ಅನುಭವ

ಮಡಿಕೇರಿಯ ಸಮೀಪದ ನಮ್ಮ ಮನೆಯಲ್ಲಿ ಅಂಟು ಎಲೆಗಳಿಂದ ಕೀಟ ಹಿಡಿಯುವ ಡ್ರೊಸೆರಾ ಮತ್ತು ಎಲೆ ಮಡಚಿ ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡಗಳನ್ನು ಬೆಳೆಸಲಾರಂಭಿಸಿದ ಮೊದಲ ಮಳೆಗಾಲದಲ್ಲಿಯೇ ಕುಂಡಗಳಲ್ಲಿನ ಪೀಟ್‌ನ (ಜೌಗು ನೆಲದ ಅರೆಕೊಳೆತ ಸಸ್ಯಗಳಿಂದಾದ ಮಣ್ಣಿನ) ಮೇಲೆ ಹಸಿರು ಹಾಳೆಯಂತಹ ಸಸ್ಯವೊಂದು ಹಬ್ಬಿಕೊಂಡಿತು. ಬಾವಿಕಟ್ಟೆಯ ಕಲ್ಲಿನ ಮೇಲೂ ಅಂಥದ್ದೇ ಇದ್ದುದರಿಂದ ಪಾಚಿಯೆಂದು ಬಗೆದು ಬಿಟ್ಟಿದ್ದೆ. ಕಕ್ಕಡ ಮಾಸ (ಜುಲೈ–ಆಗಸ್ಟ್) ಮುಗಿಯುವಷ್ಟರಲ್ಲಿ ಅದು ಡ್ರೊಸೆರಾದ ಎಳೆಯ ಸಸಿಗಳನ್ನು ಪೂರ್ತಿಯಾಗಿ ಮುಚ್ಚಿತ್ತು.

ಅದು ಮಾರ್ಕಾನ್ಷಿಯ ಎಂಬ ಲಿವರ್‌ವರ್ಟ್, ಅಂದರೆ ಹೂ ಬಿಡದೆ ನೆಲಕ್ಕಂಟಿ ಹಬ್ಬುವ ಪುಟ್ಟ ಸಸ್ಯ. ಇದಕ್ಕೆ ನಿಜವಾದ ಬೇರಿಲ್ಲ. ಕೂದಲಿನಂತಹ ಎಳೆಗಳಿಂದ ಪೀಟನ್ನು ಹಿಡಿದುಕೊಳ್ಳುತ್ತದೆ. ಮೇಲ್ಮೈಯಲ್ಲಿರುವ ಪುಟ್ಟ ಬಟ್ಟಲುಗಳಲ್ಲಿ ಹಸಿರು ಬಿಲ್ಲೆಗಳು ತುಂಬಿರುತ್ತವೆ. ಮಳೆಹನಿ ಬಿದ್ದೊಡನೆ ಅವು ಸಿಡಿದು, ಬಿದ್ದಲ್ಲಿ ಹೊಸ ಸಸ್ಯವಾಗುತ್ತವೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರಿನಲ್ಲಿ ನಾನು ಕುಂಡಗಳನ್ನು ಜೋಡಿಸಿದ್ದದ್ದು ಹಂಚಿನ ಸೂರಿನ ನೀರು ತೊಟ್ಟಿಕ್ಕುವ ಕಡೆ. ಕಿತ್ತಷ್ಟೂ ಅದು ಮರಳಿ ಬರುತ್ತಿದ್ದುದಕ್ಕೆ ಆ ಹನಿಗಳೇ ಕಾರಣವೆಂದು ತಿಳಿಯಲು ನನಗೆ ಎರಡು ಮಳೆಗಾಲಗಳು ಬೇಕಾದವು.

ಈ ನಡುವೆ ಒಂದು ಕುಂಡಕ್ಕೆ ವಿನೆಗರ್ ಚಿಮುಕಿಸಿ ನೋಡಿದೆ. ಲಿವರ್‌ವರ್ಟ್ ಕಂದಿತು, ಜೊತೆಗೆ ಡ್ರೊಸೆರಾದ ಎಲೆಗಳೂ ಸುಟ್ಟವು. ಮತ್ತೊಂದಕ್ಕೆ ಕಾಫಿಗೆಂದು ತಂದಿದ್ದ ಗೊಬ್ಬರವನ್ನು ತೀರ ತೆಳುವಾಗಿ ಕರಗಿಸಿ ಹಾಕಿದ್ದೆ. ಸಾರವಿಲ್ಲದ ಮಣ್ಣಿಗೆ ಒಗ್ಗಿದ ಫ್ಲೈಟ್ರ್ಯಾಪ್ ಸೊರಗಿತು, ಲಿವರ್‌ವರ್ಟ್ ಮಾತ್ರ ದಟ್ಟವಾಗಿ ಬೆಳೆಯಿತು. ಆ ಗಿಡವನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬ ನೋವು ಈಗಲೂ ಇದೆ.

ಮೇಲಿನ ಒಂದು ಸೆಂಟಿಮೀಟರ್ ಪೀಟನ್ನು ಕೆರೆದು ತೆಗೆಯುವುದು ಫ್ಲೈಟ್ರ್ಯಾಪ್‌ಗೆ ಸುಲಭ. ನಮ್ಮ ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಡ್ರೊಸೆರಾ ಬರ್ಮಾನಿಯ ವಿಷಯ ಹಾಗಲ್ಲ: ಅದು ಬಹುಮಟ್ಟಿಗೆ ಒಂದೇ ವರ್ಷ ಬಾಳುವ, ಬೀಜದಿಂದಲೇ ಮುಂದುವರಿಯುವ ಗಿಡವಾದ್ದರಿಂದ, ಧೂಳಿನಷ್ಟು ಸಣ್ಣ ಬೀಜಗಳು ಉದುರಿರುವುದೂ ಅದೇ ಮೇಲ್ಪದರದಲ್ಲಿ. ಆದುದರಿಂದ ಹೂದಂಟು ಒಣಗುತ್ತಿದ್ದಂತೆ ಅದನ್ನು ಕಾಗದದ ಮೇಲೆ ಬಗ್ಗಿಸಿ ತಟ್ಟಿ ಬೀಜ ಸಂಗ್ರಹಿಸಿಕೊಂಡು, ಕುದಿನೀರು ಹೊಯ್ದು ತಣಿಸಿದ ಹೊಸ ಪೀಟ್‌ನ ಮೇಲೆ ಮಣ್ಣು ಮುಚ್ಚದೆ ಉದುರಿಸುತ್ತೇನೆ. ಹಳೆಯ ಪೀಟನ್ನು ಕುಂಡಗಳಿಂದ ದೂರ ಸುರಿಯುತ್ತೇನೆ.

ದೊಡ್ಡ ಗಿಡಗಳ ಸುತ್ತ ಚಿಮಟದಿಂದ ಹಾಳೆಯ ಅಂಚನ್ನು ಹಿಡಿದು, ತುಂಡಾಗದಂತೆ, ಅಂಟಿಕೊಂಡ ಪೀಟ್‌ನೊಂದಿಗೇ ಎತ್ತಬೇಕು; ಉಳಿದ ಚೂರೂ ಚಿಗುರುತ್ತದೆ. ಕೊಡೆಯಂತಹ ದಂಟುಗಳು ಏಳುವ ಮೊದಲೇ ಇದನ್ನು ಮುಗಿಸುವುದು ಒಳ್ಳೆಯದು, ಏಕೆಂದರೆ ಅವುಗಳಿಂದ ಬೀಜಕಣಗಳು ಗಾಳಿಗೆ ಹಾರುತ್ತವೆ. ಕೆರೆದ ಜಾಗಕ್ಕೆ ಚೆನ್ನಾಗಿ ತೊಳೆದ ದಪ್ಪ ಸಿಲಿಕಾ ಮರಳನ್ನು ಹರಡುತ್ತೇನೆ. ಮರಳಿಗೆ ವಿನೆಗರ್ ಹಾಕಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ಬಿಟ್ಟುಬಿಡುತ್ತೇನೆ.

ಈಗ ಕುಂಡಗಳು ಪಾರದರ್ಶಕ ಶೀಟಿನ ಕೆಳಗೆ, ಗಾಳಿ ಬೆಳಕು ಧಾರಾಳವಾಗಿರುವ ಕಡೆ ಇವೆ. ಡ್ರಮ್ಮಿನಲ್ಲಿ ಹಿಡಿದ ಮಳೆನೀರನ್ನು ಕೆಳಗಿನ ತಟ್ಟೆಗಷ್ಟೇ ಹಾಕುತ್ತೇನೆ. ಫ್ಲೈಟ್ರ್ಯಾಪ್ ಕುಂಡದ ಅಂಚಿನಲ್ಲಿ ಇನ್ನೂ ಹಸಿರು ಕಾಣಿಸಿಕೊಳ್ಳುತ್ತದೆ, ವಾರಕ್ಕೊಮ್ಮೆ ಎತ್ತುತ್ತೇನೆ. ಎತ್ತರಕ್ಕೆ ಬೆಳೆದ ಹೂಜಿ ಗಿಡದ (ಹೂಜಿಯಾಕಾರದ ಎಲೆಗಳಲ್ಲಿ ಕೀಟ ಹಿಡಿಯುವ ಪಿಚರ್ ಪ್ಲಾಂಟ್) ಬುಡದಲ್ಲಿ ಮಾತ್ರ ಅದನ್ನು ಹಾಗೆಯೇ ಬಿಟ್ಟಿದ್ದೇನೆ.