ಪರಿಮಳದ ಕ್ಯಾಂಡಲ್ ಕೊಳ್ಳುವಾಗ ಮೊದಲು ಬತ್ತಿ ನೋಡಿ
ಪರಿಮಳದ ಕ್ಯಾಂಡಲ್ ಕೊಳ್ಳುವಾಗ ಮೂಸಿ ನೋಡುವ ಮೊದಲು ಬತ್ತಿ ನೋಡಿ. ಮೇಣ ತುಂಬಿದ ಗಾಜಿನ ಲೋಟದ ಬಾಯಿ 3 ಇಂಚಿನ ಒಳಗಿದ್ದರೆ ನಟ್ಟನಡುವೆ ಒಂದು ಬತ್ತಿ ಸಾಕು. ಅದಕ್ಕಿಂತ ಅಗಲವಾಗಿದ್ದರೆ ಎರಡು ಮೂರು ಬತ್ತಿ ಇರುವುದನ್ನೇ ತಗೊಳ್ಳಿ. ಕೋಣೆ ತುಂಬ ಪರಿಮಳ ಹರಡುವುದು ಕರಗಿದ ಮೇಣದಿಂದ. ಅಗಲದ ಕ್ಯಾಂಡಲ್‌ಗೆ ಒಂದೇ ಬತ್ತಿ ಇದ್ದರೆ ನಡುವೆ ಮಾತ್ರ ಬಾವಿ ತೋಡಿದ ಹಾಗೆ ಕರಗುತ್ತದೆ. ಸುತ್ತಲಿನ ಮೇಣ, ಅದರೊಳಗಿನ ಸುಗಂಧದ ಎಣ್ಣೆ ಹಾಗೇ ಉಳಿದು ದುಡ್ಡು ದಂಡ. ಮೊದಲ ಸಲ ಹಚ್ಚಿದಾಗಲೂ ಮೇಲಿನ ಮೇಣ ಅಂಚಿನ ತನಕ ಕರಗುವವರೆಗೆ ಆರಿಸಬೇಡಿ. ಅಗಲದ ಒಂದೊಂದು ಇಂಚಿಗೆ ಸುಮಾರು ಒಂದು ಗಂಟೆ ಬೇಕು. ಮರದ ಪಟ್ಟಿಯ ಬತ್ತಿಗೆ ಈ 3 ಇಂಚಿನ ಲೆಕ್ಕ ಹೊಂದುವುದಿಲ್ಲ. ಫ್ಯಾನ್ ಕೆಳಗೆ ಇಟ್ಟರಂತೂ ಎಂಥ ಬತ್ತಿಯಾದರೂ ಕೆಲಸಕ್ಕೆ ಬಾರದು: ಉರಿ ವಾಲಿ ಒಂದೇ ಬದಿ ಕರಗುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ. ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಹೋಗಲಿ ಅಂತಲೇ ಕ್ಯಾಂಡಲ್ ಹಚ್ಚುವವರು ಜಾಸ್ತಿ, ಅಲ್ವಾ? ಅದು ವಾಸನೆಯನ್ನು ಮುಚ್ಚುತ್ತದೆ ಅಷ್ಟೇ, ಗೋಡೆಯ ತೇವ ತೆಗೆಯುವುದಿಲ್ಲ. ಬೂಷ್ಟು ಒರೆಸಿ, ಮಳೆ ಬಿಟ್ಟಾಗ ಕಿಟಕಿ ತೆಗೆದು ಗಾಳಿಯಾಡಿಸಿ, ಆಮೇಲೆ ಹಚ್ಚಿ.