ತಾಳವಿಲ್ಲದ ಹಾಡನ್ನು ಹಲವರು ಒಟ್ಟಾಗಿ ಹಾಡುವುದು: ನನ್ನ ಅನುಭವ

ಜರ್ಮನಿಯ ಕಲೋನ್ ನಗರದಲ್ಲಿರುವ ಸಂತ ಉರ್ಸುಲಾ ಚರ್ಚಿನಲ್ಲಿ, ಅದೇ ಸಂತಳನ್ನು ಕುರಿತು ಹಿಲ್ಡೆಗಾರ್ಡ್ ಫಾನ್ ಬಿಂಗೆನ್ (1098–1179) ಎಂಬ ಸನ್ಯಾಸಿನಿ ರಚಿಸಿದ ಲ್ಯಾಟಿನ್ ಗೀತೆಗಳನ್ನು ಹಾಡುವ ಅವಕಾಶ ನಮ್ಮ ಹವ್ಯಾಸಿ ಮಹಿಳಾ ವೃಂದಕ್ಕೆ ಒದಗಿತು. ಬಾಲ್ಯದಲ್ಲಿ ಕರ್ನಾಟಕ ಸಂಗೀತ ಕಲಿತಿದ್ದ ನನಗೆ ಈ ಸಂಗೀತದ ತಯಾರಿಯಲ್ಲಿ ಯಾವುದು ಸುಲಭವಾಯಿತು, ಯಾವುದು ಆಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಗೀತೆಗಳಿಗೂ ಈ ಸ್ಥಳಕ್ಕೂ ಇರುವ ನಂಟು ಹಳೆಯದು. 1106ರಲ್ಲಿ ನಗರದ ಕೋಟೆಯನ್ನು ವಿಸ್ತರಿಸುವಾಗ ಇಲ್ಲಿ ರೋಮನ್ ಕಾಲದ ಸ್ಮಶಾನವೊಂದು ಬಯಲಾಯಿತು. ಅಲ್ಲಿ ಸಿಕ್ಕ ಎಲುಬುಗಳು ಉರ್ಸುಲಾ ಮತ್ತು ಅವಳೊಡನೆ ಹತರಾದರೆಂದು ಐತಿಹ್ಯ ಹೇಳುವ ಹನ್ನೊಂದು ಸಾವಿರ ಕನ್ಯೆಯರವೆಂದು ಜನ ನಂಬಿದರು. ಹಿಲ್ಡೆಗಾರ್ಡ್ ಆಗಿನ್ನೂ ಬಾಲಕಿ. ಆ ಎಲುಬುಗಳನ್ನು ಗೋಡೆಯ ತುಂಬ ಜೋಡಿಸಿರುವ ‘ಸುವರ್ಣ ಕೋಣೆ’ಯನ್ನು ಚರ್ಚಿನಲ್ಲಿ ಇಂದಿಗೂ ನೋಡಬಹುದು. ಕಾರ್ಯಕ್ರಮಕ್ಕೆ ಏನನ್ನು ಆರಿಸಬೇಕೆಂಬ ಚರ್ಚೆ ಹಾಗಾಗಿ ನಮ್ಮಲ್ಲಿ ಹೆಚ್ಚು ನಡೆಯಲಿಲ್ಲ.

ವೀಸ್‌ಬಾಡೆನ್‌ನ ಗ್ರಂಥಾಲಯದಲ್ಲಿರುವ ‘ರೀಸನ್‌ಕೋಡೆಕ್ಸ್’ ಎಂಬ, ಈ ಗೀತೆಗಳನ್ನೊಳಗೊಂಡ ಬೃಹತ್ ಹಸ್ತಪ್ರತಿಯ ಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅದರ ನಾಲ್ಕು ಗೆರೆಗಳ ಮೇಲಿನ ಚಿಹ್ನೆಗಳು ಸ್ವರ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ತಿಳಿಸುತ್ತವೆಯೇ ಹೊರತು ಪ್ರತಿ ಸ್ವರಕ್ಕೆ ಎಷ್ಟು ಕಾಲ ಸಲ್ಲಬೇಕೆಂದು ಅಳೆದು ಹೇಳುವುದಿಲ್ಲ. ಶ್ರುತಿಯೂ ನಿಗದಿಯಾಗಿಲ್ಲ, ನಮ್ಮಲ್ಲಿ ಗಾಯಕರು ಮಾಡುವಂತೆ ಕಂಠಕ್ಕೆ ಒಗ್ಗುವ ಶ್ರುತಿಯನ್ನು ನಾವೇ ಇಟ್ಟುಕೊಂಡೆವು. ಉಗಾಭೋಗ ಹಾಡಿ ಬಲ್ಲವರಿಗೆ ತಾಳವಿಲ್ಲದ ಹಾಡು ಹೊಸದಲ್ಲ, ಆದರೆ ಉಗಾಭೋಗವನ್ನು ಒಬ್ಬರೇ ಹಾಡುವಾಗ ಇರುವ ಸ್ವಾತಂತ್ರ್ಯ ಹಲವರು ಒಂದೇ ದನಿಯಾಗಬೇಕಾದಾಗ ಇರುವುದಿಲ್ಲ. ಅದಕ್ಕಾಗಿ ಮೊದಮೊದಲ ಅಭ್ಯಾಸಗಳಲ್ಲಿ ನಾವು ಹಾಡಲೇ ಇಲ್ಲ. ಸಾಹಿತ್ಯವನ್ನು ಗಟ್ಟಿಯಾಗಿ ಒಟ್ಟಿಗೆ ಓದಿ, ಯಾವ ಪದಗಳು ಒಂದೇ ಉಸಿರಿನಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಸ್ವರ ಸೇರಿಸಿದೆವು. ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರಗಳು ಹರಿಯುವೆಡೆಯಲ್ಲಿ ಸರದಿಯ ಮೇಲೆ ಉಸಿರು ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡೆವು.

ನನಗೆ ಹೆಚ್ಚು ಶ್ರಮ ಬೇಡಿದ್ದು ಗಮಕವನ್ನು, ಅಂದರೆ ಸ್ವರವನ್ನು ತೂಗಿ ಬಳುಕಿಸುವ ರೂಢಿಯನ್ನು, ತಡೆಯುವುದು. ಹಿಲ್ಡೆಗಾರ್ಡ್‌ಳ ಅನೇಕ ರಚನೆಗಳ ಸ್ವರಶ್ರೇಣಿ ನಮ್ಮ ಹನುಮತೋಡಿ ರಾಗದ್ದನ್ನು ಹೋಲುವುದರಿಂದ, ಗಾಂಧಾರ ಬಂದೊಡನೆ ನನ್ನ ಗಂಟಲು ತಾನಾಗಿಯೇ ತೂಗಾಡುತ್ತಿತ್ತು. ಪ್ರತಿ ಸಾಲನ್ನು ನಿಧಾನವಾಗಿ ಅಕಾರದಲ್ಲಿ, ಸ್ವರವನ್ನು ಅಲುಗಿಸದೆ ಹಾಡುವ ಅಭ್ಯಾಸದಿಂದ ಅದು ಹತೋಟಿಗೆ ಬಂತು.

ಚರ್ಚಿನೊಳಗೆ ಹಾಡಿ ನೋಡಿದಾಗ ಲೆಕ್ಕಾಚಾರಗಳು ಮತ್ತೆ ಬದಲಾದವು. ಕಲ್ಲಿನ ಗೋಡೆಗಳ ನಡುವೆ ಹಿಂದಿನ ಸ್ವರ ಅಳಿಯುವ ಮೊದಲೇ ಮುಂದಿನದು ಬಂದು ಸೇರುತ್ತದೆ. ಷಡ್ಜದಿಂದ ಪಂಚಮಕ್ಕೆ ಜಿಗಿದರೆ ಎರಡೂ ಬೆರೆತು ತುಂಬಿಕೊಳ್ಳುತ್ತವೆ; ಷಡ್ಜದಿಂದ ಶುದ್ಧ ಋಷಭಕ್ಕೆ ಸರಿದರೆ ಎರಡೂ ಒಂದಕ್ಕೊಂದು ಉಜ್ಜಿ ಕರ್ಕಶವಾಗುತ್ತವೆ. ಆದ್ದರಿಂದ ಅಂಥ ಕಡೆಗಳಲ್ಲಿ ಮೊದಲ ಸ್ವರವನ್ನು ಮೆಲ್ಲಗೆ ತೇಲಿಸಿ, ಎರಡನೆಯದನ್ನು ತುಸು ತಡವಾಗಿ ಹಿಡಿದೆವು. ಪಂಚಮದ ಜಿಗಿತಗಳು ಹಿಲ್ಡೆಗಾರ್ಡ್‌ಳಲ್ಲಿ ಮತ್ತೆ ಮತ್ತೆ ಬರುತ್ತವೆ, ಅವುಗಳಿಗೆ ಇಂಥ ಕಟ್ಟಡವೇ ತಕ್ಕ ಜಾಗವೆಂದು ನನಗನ್ನಿಸಿತು.

ಹಿನ್ನೆಲೆಗೆ ಒಂದು ಸ್ವರವನ್ನು ಸತತವಾಗಿ ಹಿಡಿಯಬೇಕೆಂದು ವೃಂದದ ಕೆಲವರು ಬಯಸಿದರು. ಇಂದಿನ ಧ್ವನಿಮುದ್ರಣಗಳಲ್ಲಿ ಅದು ಸಾಮಾನ್ಯ. ತಂಬೂರಿಯೊಡನೆ ಬೆಳೆದ ನಾನು ಅದನ್ನು ಒಪ್ಪಿಯೇನೆಂದು ಅವರು ನಿರೀಕ್ಷಿಸಿದ್ದರು, ಆದರೆ ನಾನು ವಿರೋಧಿಸಿದೆ. ಹಸ್ತಪ್ರತಿಯಲ್ಲಿರುವುದು ಒಂದೇ ಎಳೆಯ ರಾಗ. ಆಧಾರಸ್ವರವನ್ನು ಕಿವಿಯಲ್ಲಿ ಉಳಿಸುವ ಕೆಲಸವನ್ನು ಆ ಚರ್ಚಿನ ಅನುರಣನವೇ ಮಾಡುತ್ತಿತ್ತು. ಕೊನೆಗೆ ‘ಓ ಎಕ್ಲೇಸಿಯಾ’ ಎಂಬ ದೀರ್ಘ ರಚನೆಗೆ ಮಾತ್ರ ಆ ಹಿನ್ನೆಲೆ ಸ್ವರವನ್ನು ಉಳಿಸಿಕೊಂಡೆವು.

‘ಓ ರೂಬೋರ್ ಸಾಂಗ್ವಿನಿಸ್’ ಆಂಟಿಫನ್ ಪ್ರಕಾರದ ಕಿರುಗೀತೆ. ಅಂಥವನ್ನು ಪ್ರಾರ್ಥನೆಯಲ್ಲಿ ಬೈಬಲಿನ ಕೀರ್ತನೆಯ ಪಠಣದ ಹಿಂದೆ ಮುಂದೆ ಹಾಡುತ್ತಿದ್ದರು. ಕಚೇರಿಗಳಲ್ಲಿ ಆ ಪಠಣವನ್ನು ಬಿಟ್ಟುಬಿಡುವುದರಿಂದ ಆಂಟಿಫನ್ ಆರಂಭವಾಗುವಷ್ಟರಲ್ಲೇ ಮುಗಿದಂತಾಗುತ್ತದೆ. ನಾವು ಅಂಥ ಒಂದು ಕೀರ್ತನೆಯನ್ನು ಪೂರ್ತಿಯಾಗಿ ಸೇರಿಸಿ, ಪ್ರತಿ ಚರಣದ ನಡುವಿನ ವಿರಾಮವನ್ನು ಅನುರಣನ ತಗ್ಗುವವರೆಗೆ ಬೆಳೆಸಿದೆವು. ಶ್ರೋತೃಗಳಿಗೆ ಇದು ದೀರ್ಘವಾದೀತೆಂಬ ಅಳುಕು ಸಂಘಟಕರಿಗಿತ್ತು. ನನ್ನ ಮಟ್ಟಿಗೆ ಆ ಸಂಜೆ ಎಲ್ಲರೂ ಒಂದೇ ಉಸಿರಿನಲ್ಲಿ ಹಾಡಿದ್ದು ಆ ಕೀರ್ತನೆಯಲ್ಲೇ.