ಹಗುರ ಪುಲ್ಲಿಯ ಮೇಲೆ ನಿಲ್ಲದ ಬೆಲ್ಟ್

ಬಳ್ಳಾರಿಯಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ 15 ಕಿಲೋ ವರ್ಗದ ಸ್ಪರ್ಧಾ ರೋಬೋ ಕಟ್ಟುವಾಗ, ತೂಕ ಉಳಿಸಲೆಂದು ಅಲ್ಯೂಮಿನಿಯಂ ಪುಲ್ಲಿಗಳನ್ನು ಬಿಟ್ಟು, ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನ ಹಲ್ಲಿನ ಪುಲ್ಲಿಗಳನ್ನು ಮಾಡಿಕೊಂಡೆವು. ಮೋಟರಿನ ತಿರುವನ್ನು ಚಕ್ರಕ್ಕೆ ಒಯ್ಯುವ ಹಲ್ಲಿನ ಬೆಲ್ಟ್ 15 ಮಿ.ಮೀ. ಅಗಲದ್ದು, 5 ಮಿ.ಮೀ. ಪಿಚ್‌ನದು (ಹಲ್ಲಿನಿಂದ ಹಲ್ಲಿಗಿರುವ ದೂರ), ಪುಲ್ಲಿಗಳು ಕೂರುವ ಎರಡು ಶಾಫ್ಟ್‌ಗಳ (ತಿರುಗುವ ಸರಳುಗಳ) ನಡುವೆ 200 ಮಿ.ಮೀ. ಅಂತರ. ಮೇಜಿನ ಮೇಲೆ ಚೆನ್ನಾಗಿಯೇ ಓಡಿದ ಬೆಲ್ಟ್, ರೋಬೋವನ್ನು ನೆಲಕ್ಕಿಳಿಸಿ ಭಾರ ತಳ್ಳಿಸಿದ ಕೂಡಲೇ ಹೊರಗಡೆಗೆ ಸರಿದು ಕಳಚಿ ಬೀಳುತ್ತಿತ್ತು.

ನಾನು ಮೊದಲು ಮಾಡಿದ್ದು ತಪ್ಪು ಚಿಕಿತ್ಸೆ. ಪುಲ್ಲಿಯ ಫ್ಲೇಂಜನ್ನು, ಅಂದರೆ ಬೆಲ್ಟ್ ಜಾರದಂತೆ ಪಕ್ಕದಲ್ಲಿ ತಡೆಯುವ ಬಿಲ್ಲೆಯನ್ನು, ದಪ್ಪ ಮಾಡಿದೆ. ಬೆಲ್ಟ್ ಕಳಚುವುದು ನಿಂತಿತು, ಆದರೆ ಅದರ ಅಂಚು ಫ್ಲೇಂಜಿಗೆ ಉಜ್ಜಿ ಕಪ್ಪು ಪುಡಿ ಉದುರತೊಡಗಿತು, ಎರಡೇ ದಿನಕ್ಕೆ ಒಳಗಿನ ನೂಲಿನ ಎಳೆಗಳು ಹೊರಗೆ ಕಂಡವು. ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಪರಿಚಿತರೊಬ್ಬರು ಬಂದು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೆಲ್ಟಿಂದೇನೂ ತಪ್ಪಿಲ್ರಿ ಸರ್, ಶಾಫ್ಟ್ ಬಗ್ಗಾಕತ್ತೈತಿ ನೋಡ್ರಿ" ಎಂದರು.

ಅವರು ಹೇಳಿದ್ದೇ ನಿಜ. ಮೋಟರಿನ ಶಾಫ್ಟ್ ಒಂದೇ ತುದಿಯಲ್ಲಿ ಆಧಾರ ಪಡೆದಿತ್ತು. ಭಾರ ಬಿದ್ದಾಗ ಅದರ ಬಿಡಿ ತುದಿ ಚಕ್ರದ ಕಡೆಗೆ ವಾಲಿ, ಆ ಬದಿಯಲ್ಲಿ ಶಾಫ್ಟ್‌ಗಳ ಅಂತರ ಕಡಿಮೆಯಾಗುತ್ತಿತ್ತು. ಹಲ್ಲಿನ ಬೆಲ್ಟ್ ಸಾಮಾನ್ಯವಾಗಿ ಬಿಗಿ ಕಡಿಮೆಯಿರುವ ಬದಿಗೇ ಸರಿಯುತ್ತದೆ. ಇಂಥ ಬೆಲ್ಟ್‌ಗಳಿಗೆ ಒಪ್ಪಿತವಾದ ಓರೆ ಕಾಲು ಡಿಗ್ರಿ ಮಾತ್ರ. ನಮ್ಮ 200 ಮಿ.ಮೀ. ಅಂತರಕ್ಕೆ ಅದು 1 ಮಿ.ಮೀ.ಗಿಂತಲೂ ಕಡಿಮೆ.

ಹೊರಬದಿಗೆ ಇನ್ನೊಂದು ಪಟ್ಟಿ ಕೂರಿಸಿ, ಅದರಲ್ಲಿ ಬೇರಿಂಗ್ ಇಟ್ಟು ಶಾಫ್ಟ್‌ಗೆ ಎರಡೂ ಕಡೆ ಆಧಾರ ಕೊಟ್ಟೆ. ಎರಡು ಶಾಫ್ಟ್‌ಗಳ ನಡುವಿನ ಅಂತರವನ್ನು ಒಳಬದಿಯಲ್ಲೂ ಹೊರಬದಿಯಲ್ಲೂ ಅಳೆದೆ, ಪುಲ್ಲಿಗಳ ಮುಖಕ್ಕೆ ಸ್ಟೀಲ್ ಸ್ಕೇಲ್ ಆನಿಸಿ, ಬೆಳಕು ನುಸುಳಿದ ಕಡೆ ತೆಳು ವಾಷರ್ ಸೇರಿಸಿದೆ. ಆಮೇಲೆ ಸಣ್ಣ ಪುಲ್ಲಿಗೆ ಮಾತ್ರ ಎರಡೂ ಬದಿ ಫ್ಲೇಂಜ್ ಇಟ್ಟು, ದೊಡ್ಡದಕ್ಕೆ ತೆಗೆದುಹಾಕಿದೆ, ತೂಕವೂ ಇಳಿಯಿತು. ಬೆಲ್ಟನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿದೆ, ಏಕೆಂದರೆ ಒಂದು ದಿಕ್ಕಿಗೆ ನೆಟ್ಟಗೆ ಓಡುವ ಬೆಲ್ಟ್ ಇನ್ನೊಂದು ದಿಕ್ಕಿಗೆ ಸರಿಯಬಲ್ಲದು.

ಇನ್ನೊಂದು ಪೆಟ್ಟು ಮೇ ತಿಂಗಳಲ್ಲಿ ಬಿತ್ತು. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಬಿಟ್ಟಿದ್ದ ರೋಬೋದ ಪುಲ್ಲಿ, ಬೆಲ್ಟಿನ ಬಿಗಿಗೆ ಮೊಟ್ಟೆಯಾಕಾರ ತಾಳಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ನಮ್ಮೂರ ಬಿಸಿಲಿಗೆ ನಿಂತ ಕಾರಿನೊಳಗೆ ಅಷ್ಟು ಕಾವು ಏರುವುದು ಹೊಸದೇನಲ್ಲ. ಅಂದಿನಿಂದ ಪುಲ್ಲಿಗಳನ್ನು ಇನ್ನೂ ಹೆಚ್ಚು ಕಾವು ತಾಳುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುತ್ತೇವೆ, ಪ್ರಯಾಣದಲ್ಲಿ ಬೆಲ್ಟನ್ನು ಸಡಿಲಿಸಿಡುತ್ತೇವೆ.